ಕಮರಿಪೇಟೆಯ ನಡುಮನೆಯಲ್ಲಿ ಘಾಟ್ ಇಳಿದ ಬೇಸಿಗೆ

ಮೊನ್ನೆ ಮಧ್ಯಾಹ್ನ ಮಗಳ ಕೋಣೆಯ ಬಾಗಿಲು ದೂಡಿದರೆ ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಆಟ ಆಡಲೆಂದೇ ಅವಳು ಹಟ ಹಿಡಿದು ತರಿಸಿಕೊಂಡ ದಪ್ಪ ಲ್ಯಾಪ್‌ಟಾಪು ಮಂಚದ ಮೇಲೆ, ಕೌದಿಯ ನಡುವೆ ಹೂತುಕೊಂಡು ಬುಸುಗುಡುತ್ತಿತ್ತು. ನಾನು ಅದನ್ನೆತ್ತಿ ಮೇಜಿನ ಮೇಲಿಟ್ಟೆ.

"ಏ ಹುಡುಗಿ, ಅದರ ಹೊಟ್ಟಿ ಕೆಳಗ ಗಾಳಿ ಆಡಬೇಕವಾ! ಕೌದ್ಯಾಗ ಇಟ್ಟು ಉಸಿರುಗಟ್ಟಿಸಾಕತ್ತೀಯಲ್ಲ!"

"ಓವರ್‌ಕ್ಲಾಕ್ ಮಾಡೇನಿ ಅವ್ವಾ, ವೇಗ ಏರಿಸೇನಿ, ಅದಕ್ಕ ಬಿಸಿ ಆಗೈತಿ. ನಿನಗ ಇದೆಲ್ಲಾ ತಿಳಿಯಂಗಿಲ್ಲ ಬಿಡು."

ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದಳಂತೆ! ಬೇರೆ ದಿನವಾಗಿದ್ದರೆ ಅವಳಿಗೆ ಸರಿಯಾಗಿ ಮಂಗಳಾರತಿ ಮಾಡುತ್ತಿದ್ದೆ. ಆದರೆ ಆ ವಾಸನೆ ನನ್ನನ್ನು ಆಗಲೇ ಧಾರವಾಡದಿಂದ ಎತ್ತಿ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಇಳಿಸಿಬಿಟ್ಟಿತ್ತು. ಕಾಕಾನ ಮನೆಯ ನಡುಮನೆ, ಪಕ್ಕದ ತಗಡು ಬಿಚ್ಚಿಟ್ಟ ಕಂಪ್ಯೂಟರು, ಓಣಿಯ ತುದಿಯ ಖಾನಾವಳಿಯಿಂದ ತೇಲಿಬರುವ ಮಸಾಲೆಯ ವಾಸನೆ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಧಾರವಾಡದಲ್ಲಿ ಪರೀಕ್ಷೆ ಮುಗಿಸಿ, ಕಂಪ್ಯೂಟರನ್ನು ರಿಕ್ಷಾದಲ್ಲಿ ಹೇರಿಕೊಂಡು, ಬೇಸಿಗೆ ಕಳೆಯಲು ಕಾಕಾನ ಮನೆಗೆ ಬಂದಿದ್ದೆ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ರೈಲ್ವೆಯಲ್ಲಿ ಎಂಜಿನ್ ಡ್ರೈವರ್ ಆಗಿದ್ದವರು. ಹರೆಯದ ವರ್ಷಗಳನ್ನೆಲ್ಲ ಕ್ಯಾಸಲ್‌ರಾಕ್‌ನಲ್ಲಿ ಕಳೆದವರು. ಗೋವಾ ಕಡೆಗೆ ಹೋಗುವ ಸಣ್ಣ ಹಳಿಯ ಗಾಡಿಗಳನ್ನು ಘಾಟ್ ಇಳಿಸುವುದು, ಮತ್ತೆ ಹತ್ತಿಸುವುದು, ಇದೇ ಅವರ ಬದುಕು. ಆಮೇಲೆ ಆ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದರು. ಕೆಲವೇ ವರ್ಷಕ್ಕೆ ಕಾಕಾನ ಕಣ್ಣಿನ ನರ ಸೋಲತೊಡಗಿ, ವೈದ್ಯಕೀಯ ಪರೀಕ್ಷೆಯಲ್ಲಿ ಅವರನ್ನು ಎಂಜಿನ್‌ನಿಂದ ಇಳಿಸಿದರು. ಎರಡೂ ಬದಿಯ ನೋಟ ಕತ್ತಲಾಗುತ್ತ ಬರುವ ರೋಗ ಅದು. ಈ ವರ್ಷ ಕಂಡದ್ದು ಮುಂದಿನ ವರ್ಷ ಕಾಣುತ್ತದೆಂದು ಹೇಳಲಾರೆ ಅಂತ ಡಾಕ್ಟರು ಕೈಚೆಲ್ಲಿದ್ದರು.

"ಹೆಂಗ ಕಾಣತೈತಿ ಕಾಕಾ?" ಎಂದು ನಾನು ಕೇಳಿದ್ದಕ್ಕೆ ಅವರು ಪಕ್ಕದಲ್ಲಿದ್ದ ಹೆಂಡತಿ, ನಮ್ಮ ಕಾಕೂನ ಕೈ ಹಿಡಿದು ಒಂದು ಹಸಿರು ಬಳೆಯನ್ನು ಬೆರಳಿಂದ ಸುತ್ತುಹಾಕಿ ತೋರಿಸಿದ್ದರು.

"ಇದರೊಳಗಿಂದ ನೋಡಿದಂಗ. ದಿನಾ ಒಂಚೂರು ಸಣ್ಣದಾಗಾಕತ್ತೈತಿ ಈ ಬಳಿ."

ಒಂದು ಸಲ ರೈಲಿನಲ್ಲಿ ಕರೆದುಕೊಂಡು ಹೋಗಿ ಘಾಟ್ ತೋರಿಸಿ ತರುತ್ತೇನೆ ಎಂದರೆ ಬೈಸಿಕೊಂಡೆ. "ಡಬ್ಬ್ಯಾಗ ಕುಂತು ಘಾಟ್ ನೋಡೂದಂದ್ರ ಹಿತ್ತಲದಾಗ ನಿಂತು ಮದುವಿ ನೋಡಿದಂಗವಾ. ಹಳಿ ನಮ್ಮ ಎದಿಮ್ಯಾಲೆ ಬರೂದು ಕಾಣಬೇಕು. ಆಮ್ಯಾಲೆ ನನ್ನ ಹಳಿನ ಇಲ್ಲಲ್ಲ ಈಗ, ಕಿತ್ತು ಒಗದಾರ."

ನನ್ನ ಕಂಪ್ಯೂಟರಿನಲ್ಲಿ ರೈಲು ಓಡಿಸುವ ಒಂದು ಆಟವಿತ್ತು. ಎಂಜಿನ್ನಿನ ಕಿಟಕಿಯಿಂದ ಕಾಣುವಂತೆ ಹಳಿ, ಗುಡ್ಡ, ಸಿಗ್ನಲ್ಲು ಎಲ್ಲ ಕಾಣುತ್ತಿದ್ದವು. ಅದರ ಜೊತೆ ಹೊಸ ಹಳಿ ಹಾಸಿ ನಮ್ಮದೇ ದಾರಿ ಕಟ್ಟಿಕೊಳ್ಳುವ ಸಲಕರಣೆಯೂ ಬಂದಿತ್ತು. ಪರದೇಶದ ಯಾವುದೋ ಊರಿನ ದಾರಿಯನ್ನು ಕಾಕಾನಿಗೆ ತೋರಿಸಿದೆ. ಅವರು ಮೂಗು ಪರದೆಗೆ ತಾಗುವಷ್ಟು ಹತ್ತಿರ ಬಂದು ನೋಡಿ, "ನಮ್ಮ ಘಾಟ್ ಇದರಾಗ ಹಾಕಾಕ ಬರತೈತೇನ?" ಎಂದರು. ಮಾತು ತಗ್ಗಿಸಿ, ಮಕ್ಕಳು ಪೇಠೆಯಲ್ಲಿ ಏನೋ ಕೇಳುವಾಗ ಕೇಳುತ್ತಾರಲ್ಲ, ಹಾಗೆ ಕೇಳಿದರು. ಬರುತ್ತದೆ ಅಂದುಬಿಟ್ಟೆ.

ಆ ಬೇಸಿಗೆಯ ಮೊದಲ ಅರ್ಧ ಅದರಲ್ಲೇ ಹೋಯಿತು. ಕಾಕಾ ಕುರ್ಚಿಯಲ್ಲಿ ಕೂತು ಹೇಳುವುದು, ನಾನು ಹಳಿ ಹಾಸುವುದು. "ಇಲ್ಲಿ ಎಡಕ್ಕ. ಇನ್ನೂ ಎಡಕ್ಕ. ಏ, ಗಾಡಿ ಬೀಳಿಸ್ತೀಯೇನ, ಅಷ್ಟಲ್ಲ! ಈಗ ಬೋಗದಾ. ಬೋಗದಾ ಮುಗದ ಕೂಡಲೇ ಬಲಗಡಿ ಕಣಿವಿ." ಅವರು ಒಮ್ಮೆಯೂ ತಡವರಿಸಲಿಲ್ಲ. ಯಾವ ಸುರಂಗದ ಬಾಯಲ್ಲಿ ನೀರು ತೊಟ್ಟಿಕ್ಕುತ್ತದೆ, ಯಾವ ತಿರುವಿನಲ್ಲಿ ಮಂಗಗಳು ಕಾಯುತ್ತವೆ, ಎಲ್ಲವೂ ಬಾಯಿಪಾಠ. ನಾನೂ ಜಿದ್ದಿಗೆ ಬಿದ್ದು ಕಾಡು ತುಂಬಿದೆ, ಮರದ ಮೇಲೆ ಮರ ನೆಟ್ಟೆ. ಕೊನೆಗೆ ದೂಧಸಾಗರದ ಜಲಪಾತವನ್ನೂ ಇಳಿಬಿಟ್ಟೆ.

ಆಮೇಲೆ ಗಾಡಿ ಬಿಟ್ಟರೆ, ಏನು ಹೇಳಲಿ! ಕ್ಯಾಸಲ್‌ರಾಕ್ ದಾಟಿ ಕಾಡು ಶುರುವಾಗುತ್ತಲೇ, ಅಷ್ಟು ಮರಗಳ ಚಿತ್ರ ಬಿಡಿಸಲಾರದೆ ಕಂಪ್ಯೂಟರು ಕುಂಟತೊಡಗಿತು. ಇಲ್ಲಿದ್ದ ಹಳಿ ಒಮ್ಮೆಲೇ ಅಲ್ಲಿ, ಅಲ್ಲಿದ್ದ ಸುರಂಗ ಒಮ್ಮೆಲೇ ತಲೆಯ ಮೇಲೆ.

"ಗಾಡಿ ಜಿಗ್ಯಾಕತ್ತೈತಿ ಸುಮಿ," ಎಂದರು ಕಾಕಾ, ಕಣ್ಣುಜ್ಜಿಕೊಳ್ಳುತ್ತ. "ನನ್ನ ಬಳ್ಯಾಗ ಹಿಡಿಯಾಕ ಆಗವಲ್ದು. ಇರಲಿ ಬಿಡು. ನೀ ಇಷ್ಟ ಮಾಡಿದ್ದ ಭಾಳ ಆತು."

ಆ 'ಇರಲಿ ಬಿಡು' ನನಗೆ ಚುಚ್ಚಿತು. ಚಪ್ಪಲಿ ಮೆಟ್ಟಿಕೊಂಡು ಸೀದಾ ಇಮ್ತಿಯಾಜ್ ಭಾಯ್ ಅಂಗಡಿಗೆ ಹೋದೆ. ಓಣಿ ದಾಟಿದರೆ ಅವರ ಅಂಗಡಿ. ಡಿಪ್ಲೊಮಾ ಓದಿದವರು, ನನ್ನ ಕಂಪ್ಯೂಟರನ್ನು ಜೋಡಿಸಿಕೊಟ್ಟವರೂ ಅವರೇ. ಚಿಕ್ಕಂದಿನಲ್ಲಿ ಕಾಕಾನ ಎಂಜಿನ್ ಹತ್ತಿ ಸೀಟಿ ಊದಿದ ನೆನಪು ಅವರಿಗೂ ಇತ್ತು. ಎಲ್ಲ ಕೇಳಿಸಿಕೊಂಡು, ಒಂದು ಬ್ರಷ್ಷು, ಒಂದು ಹೊಸ ಫ್ಯಾನು, ಬೂದು ಬಣ್ಣದ ಪೇಸ್ಟಿನ ಸಣ್ಣ ಕೊಳವೆ ಹಿಡಿದು ಎದ್ದರು.

"ಹೊಸಾ ಪ್ರೊಸೆಸರ್ ಬ್ಯಾಡ ತಂಗಿ. ಇದ್ದದ್ದನ್ನ ಜೋರ ಓಡಸೂಣು. ಕಂಪನಿಯವರು ಇಷ್ಟ ವೇಗ ಅಂತ ಬರದು ಕಳಸ್ತಾರ, ಆದ್ರ ಅದರ ಹೊಟ್ಟ್ಯಾಗ ಇನ್ನಷ್ಟು ದಮ್ಮ ಇರತೈತಿ. ಎಷ್ಟು ಐತಿ ಅಂತ ಅದನ್ನ ಕೇಳಬೇಕು."

"ಸುಟ್ಟು ಹೋದ್ರ?" ಎಂದೆ. ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ. ಅದು ಸತ್ತರೆ ಕಾಕಾನ ಘಾಟೂ ಅದರ ಜೊತೆಗೇ ಸತ್ತಂತೆ.

"ಅವಸರಾ ಮಾಡಿದ್ರ ಸುಡತೈತಿ. ನಾವು ಅವಸರಾ ಮಾಡಂಗಿಲ್ಲ. ಒಂದು ಮೆಟ್ಟಲಾ ಏರಸೂದು, ಒಂದು ಚಹಾ ಕುಡಿಯೂದು."

ಅವರ ಪದ್ಧತಿಯೇ ಅದು. ಮೊದಲು ಧೂಳು ಝಾಡಿಸಿದರು. ನಾನು ಸೀನಿ ಸೀನಿ ಸಾಕಾದೆ. ಪ್ರೊಸೆಸರಿನ ಮೇಲಿನ ಲೋಹದ ಗಟ್ಟಿ ತೆಗೆದು, ಒಣಗಿದ ಹಳೇ ಪೇಸ್ಟನ್ನು ಒರೆಸಿ, ಅಕ್ಕಿಕಾಳಿನಷ್ಟು ಹೊಸದನ್ನು ಇಟ್ಟರು. ನೋಡುತ್ತಿದ್ದ ಕಾಕೂಗೆ ಅದು ಸರಿಬೀಳಲಿಲ್ಲ.

"ಇಷ್ಟ ಹಚ್ಚಿದ್ರ ಆತೇನೋ? ರೊಟ್ಟಿಗೆ ಬೆಣ್ಣಿನರ ಇದಕ್ಕಿಂತ ಛಂದ ಹಚ್ತೇನಿ ನಾ. ಜಿಪುಣತನಾ ಮಾಡಬ್ಯಾಡ."

"ರೊಟ್ಟಿ ಬ್ಯಾರೆ, ಇದು ಬ್ಯಾರೆ ಕಾಕೂ. ಇದು ಹೆಚ್ಚಾದ್ರ ಬಿಸಿ ದಾಟಂಗಿಲ್ಲ."

ಬಿಸಿ ಏರಿದಂತೆ ತಾನೂ ಜೋರಾಗಿ ತಿರುಗುವ ಫ್ಯಾನು ಅದು. ಅದನ್ನು ಕೂರಿಸಿ, ಸೆಟ್ಟಿಂಗಿನ ನೀಲಿ ಪರದೆಗೆ ಹೋಗಿ ವೇಗವನ್ನು ಒಂದೇ ಒಂದು ಮೆಟ್ಟಿಲು ಏರಿಸಿದರು. ವೋಲ್ಟೇಜು ಮಾತ್ರ ಮುಟ್ಟಲಿಲ್ಲ. ಸ್ವಲ್ಪ ಅದನ್ನೂ ಏರಿಸೋಣ ಎಂದು ನಾನಂದರೆ ಕಣ್ಣು ಕೆಕ್ಕರಿಸಿದರು. ಪ್ರೊಸೆಸರಿಗೆ ಪುರುಸೊತ್ತಿಲ್ಲದಂತೆ ಲೆಕ್ಕ ಕೊಡುತ್ತಲೇ ಇರುವ ಒಂದು ಪರೀಕ್ಷೆಯ ಪ್ರೋಗ್ರಾಂ ಹಚ್ಚಿಟ್ಟು, ಎಲ್ಲರೂ ಹೊರಗಿನ ಕಟ್ಟೆಗೆ ಹೋಗಿ ಚಹಾ ಕುಡಿಯುವುದು. ಬಂದು ನೋಡಿದಾಗ ಅದು ಎಚ್ಚರವಾಗಿದ್ದರೆ ಮುಂದಿನ ಮೆಟ್ಟಿಲು. ನಿಂತಿದ್ದರೆ ಹಿಂದಿನದು. ಅದನ್ನೂ ನಡು ಮಧ್ಯಾಹ್ನವೇ ಮಾಡಬೇಕು. "ಬೆಳಗಿನ ತಂಪಿನಾಗ ಎಂಥಾ ಕುದರಿನೂ ಓಡತೈತಿ," ಎನ್ನುತ್ತಿದ್ದರು.

ಗ್ರಾಫಿಕ್ಸ್ ಕಾರ್ಡಿನದು ಬೇರೆ ಕಥೆ. ಚಿತ್ರ ಬಿಡಿಸುವ ಕೆಲಸ ಅದರದು. ಅದರ ವೇಗ ಏರಿಸಲು ಪರದೆಯ ಮೇಲೇ ಸರಿಸುವ ಒಂದು ಗುಂಡಿಯಿತ್ತು. ಒಂಚೂರು ಸರಿಸಿದರೆ ಕಾಡು ಎಷ್ಟು ನುಣುಪಾಗಿ ಹರಿಯಿತೆಂದರೆ, ಅಷ್ಟು ಶಿಸ್ತಿನ ಇಮ್ತಿಯಾಜ್ ಭಾಯ್ ಕೂಡ "ಇನ್ನೊಂಚೂರು" ಎಂದು ಚಹಾ ಗಿಹಾ ಮರೆತು ಸರಿಸಿದರು. ಕಾಕಾ ಆಗ ಗಾಡಿ ನಡೆಸುತ್ತಿದ್ದರು. ಎರಡನೆಯ ಸುರಂಗದ ಒಳಗೆ ಹೋದವರು ಗಾಡಿ ನಿಲ್ಲಿಸಿಬಿಟ್ಟರು. ಕೈ ತೊಡೆಯ ಮೇಲಿಟ್ಟುಕೊಂಡು ಕೂತರು. ಮುಖ ಬಿಳಿಚಿಕೊಂಡಿತ್ತು.

"ಯಾಕ ಕಾಕಾ?"

ಕಾಕೂ ಗಾಬರಿಯಾಗಿ ನೀರು ತಂದಳು. ಕುಡಿಯಲಿಲ್ಲ.

"ಬಂತವಾ," ಎಂದರು ಕೊನೆಗೆ. "ಡಾಕ್ಟರ್ ಹೇಳಿದ್ದ ಬಂತು. ಕತ್ತಲದಾಗ ಬೆಳ್ಳಗ ಚುಕ್ಕಿ ಚುಕ್ಕಿ ಉದರಾಕತ್ತಾವ. ಮುಗೀತು ನಂದು."

ನಾನು ಪರದೆ ನೋಡಿದೆ. ಇಮ್ತಿಯಾಜ್ ಭಾಯ್ ಕೂಡ ನೋಡಿದರು. ಸುರಂಗದ ಕತ್ತಲಿನ ತುಂಬ ಬಿಳಿ ಚುಕ್ಕೆಗಳು ಮಿಣಮಿಣ ಎನ್ನುತ್ತಿದ್ದವು! ನಮಗೂ ಕಾಣುತ್ತಿದ್ದವು!

"ಕಾಕಾ, ಕಾಕಾ, ನಿಮ್ಮ ಕಣ್ಣಲ್ಲರೀ!" ಇಮ್ತಿಯಾಜ್ ಭಾಯ್ ಅವರ ಎರಡೂ ಭುಜ ಹಿಡಿದು ಹೆಚ್ಚುಕಡಿಮೆ ಕೂಗಿದರು. "ಈ ಕಾರ್ಡಿಗೆ ದಮ್ಮ ಹತ್ತೈತಿ. ಜಾಸ್ತಿ ಓಡಿಸಿದ್ರ ಹಿಂಗ ಚುಕ್ಕಿ ಉದರಸ್ತೈತಿ. ನೋಡ್ರಿ, ನೋಡ್ರಿ ಈಗ." ಗುಂಡಿಯನ್ನು ಹಿಂದೆ ಸರಿಸಿದರು. ಚುಕ್ಕೆಗಳು ಒಂದೊಂದಾಗಿ ಆರಿದವು. ಸುರಂಗ ಮತ್ತೆ ಕಪ್ಪಗೆ, ಸ್ವಚ್ಛವಾಗಿ ನಿಂತಿತು.

ಕಾಕಾ ಆ ಕತ್ತಲನ್ನು ನೋಡಿದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಷ್ಟು ಪ್ರೀತಿಯಿಂದ ಯಾರಾದರೂ ಕತ್ತಲನ್ನು ನೋಡಿದ್ದನ್ನು ನಾನು ಕಂಡಿಲ್ಲ. ಆಮೇಲೆ ನಗಲು ಶುರುಮಾಡಿದರು. ಕೆಮ್ಮು ಬರುವ ತನಕ ನಕ್ಕು, "ಹುಚ್ಚ ಮಗನ, ನನ್ನ ಜೀವಾನ ತಗದಿದ್ದೆಲ್ಲೋ!" ಎಂದು ಇಮ್ತಿಯಾಜ್ ಭಾಯ್ ಬೆನ್ನಿಗೊಂದು ಗುದ್ದಿದರು. ಕಾಕೂ ಸೆರಗಿನಿಂದ ಕಣ್ಣೊರೆಸಿಕೊಂಡು ಗಿರಮಿಟ್ ಮಾಡಲು ಒಳಗೆ ಹೋದಳು. ಅವತ್ತಿನಿಂದ ಭಾಯ್ ಇನ್ನೊಂದು ನಿಯಮ ಹಾಕಿಕೊಂಡರು: ತುದಿಯ ಮೆಟ್ಟಿಲು ಸಿಕ್ಕಿದ ಮೇಲೆ ಅಲ್ಲಿ ನಿಲ್ಲಬಾರದು, ಅದರ ಕೆಳಗಿನದರಲ್ಲಿ ಮನೆ ಮಾಡಬೇಕು.

ಕಾರ್ಡು ಹಾದಿಗೆ ಬಂತು. ಹಟ ಹಿಡಿದದ್ದು ಪ್ರೊಸೆಸರು. ನಾವು ಎದುರಿಗೆ ಕೂತಿದ್ದರೆ ಸರಿಯಾಗಿಯೇ ಓಡುತ್ತಿತ್ತು. ಪರೀಕ್ಷೆಗೆ ಹಚ್ಚಿ ಚಹಾ ಕುಡಿದು ಬಂದರೆ ಹೆಪ್ಪುಗಟ್ಟಿ ನಿಂತಿರುತ್ತಿತ್ತು. ಒಂದು ಮೆಟ್ಟಿಲು ಇಳಿಸಿದರು. ಮತ್ತೆ ಅದೇ ಹಾಡು. ಇನ್ನೊಂದು ಇಳಿಸಿದರು. ಹೀಗೆ ಇಳಿಯುತ್ತ ಇಳಿಯುತ್ತ, ಹೊರಟಲ್ಲಿಗೇ ವಾಪಸು ಬರುವ ಹಾಗಾಯಿತು. ಫ್ಯಾನು ಬದಲಿಸಿದರು, ಪೇಸ್ಟು ಮತ್ತೆ ಹಚ್ಚಿದರು. ಊಹೂಂ.

"ನಾವಿದ್ರ ಓಡತೈತಿ, ಹೋದ್ರ ನಿಲ್ಲತೈತಿ. ಇದೇನು ಸಾಲಿ ಹುಡುಗೂರು ಇದ್ದಂಗ ಐತೆಲ್ಲ!" ಎಂದು ನಾನು ಕಿರುಚಿದೆ. ಇಮ್ತಿಯಾಜ್ ಭಾಯ್ ತಲೆ ಮೇಲೆ ಕೈಹೊತ್ತು, ಈ ಪ್ರೊಸೆಸರಿಗೆ ದಮ್ಮಿಲ್ಲ ತಂಗಿ, ಒಪ್ಪಿಕೊಳ್ಳೂಣು, ಎಂದರು. ಕಾಕಾ ಕಟ್ಟೆಯ ಮೇಲೆ ಕೂತು ಎಲ್ಲ ಕೇಳುತ್ತಿದ್ದರು. ಆ ವಾರ ಅವರು ಬಾಗಿಲಿನ ಚೌಕಟ್ಟಿಗೆ ಎರಡು ಸಲ ಭುಜ ಬಡಿಸಿಕೊಂಡಿದ್ದರು. ಬಳೆ ಸಣ್ಣದಾಗುತ್ತಿತ್ತು, ನಮ್ಮೆಲ್ಲರಿಗೂ ಅದು ಗೊತ್ತಿತ್ತು.

ಆಗ ಕಾಕೂ ಒಳಗಿಂದ ಬಂದಳು. ಕೈಯಲ್ಲಿ ಕಂಪ್ಯೂಟರಿನ ಹೊದಿಕೆ. ಮುಖ ಸಿಂಡರಿಸಿತ್ತು.

"ನಿಮ್ಮ ಕೆಲಸಾ ಏನರ ಆಗಲಿ, ನನ್ನ ಕಸೂತಿ ಯಾಕ ಹಾಳ ಮಾಡ್ತೀರಿ? ಮುಟ್ಟಿ ನೋಡ್ರಿ! ನೀವು ಚಹಾಕ್ಕ ಎದ್ದಾಗೆಲ್ಲಾ ಇದು ಇಸ್ತ್ರಿ ಹೊಡದಂಗ ಕಾಯತೈತಿ. ರೇಷ್ಮಿ ದಾರದ ಬಣ್ಣನ ಹೋತು."

ನಾವಿಬ್ಬರೂ ಅವಳನ್ನೇ ನೋಡಿದೆವು.

ಆ ಹೊದಿಕೆಯನ್ನು ಕಾಕೂ ಇಲಕಲ್ ಸೀರೆಯ ತುಂಡಿನಲ್ಲಿ ತಾನೇ ಹೊಲಿದಿದ್ದಳು. ಮೇಲೆ ಗೋಪುರ, ಆನೆ, ತುಳಸಿಕಟ್ಟೆ, ಎಳೆ ಎಣಿಸಿ ಹಾಕಿದ ಕಸೂತಿ, ಒಳಗೆ ಧೂಳು ತೂರದಿರಲೆಂದು ದಪ್ಪ ಅಸ್ತರು. ಆಗೆಲ್ಲ ಕಂಪ್ಯೂಟರಿದ್ದ ಮನೆಯಲ್ಲಿ ಹೊದಿಕೆಯೂ ಇರಲೇಬೇಕು. ಕೆಲಸ ಮುಗಿಸಿ ಎದ್ದರೆ ಹೊದಿಸುವುದು, ಬಂದು ಕೂತರೆ ತೆಗೆಯುವುದು. ಚಹಾ ಕುಡಿಯಲು ನಾವು ಎದ್ದ ಕೂಡಲೇ ಕಾಕೂ ಅದನ್ನು ಮೇಲಿಂದ ಕೆಳತನಕ ಮುಚ್ಚುತ್ತಿದ್ದಳು. ನಾವು ಬಂದು ಅದನ್ನು ಸರಿಸಿ ಮಡಚಿಟ್ಟು ಕೂರುತ್ತಿದ್ದೆವು. ಪ್ರತಿಸಲವೂ ನಮ್ಮ ಕೈಯಿಂದಲೇ ಸರಿಸಿದ್ದು, ಒಮ್ಮೆಯೂ ಕಾಣಲಿಲ್ಲ! ಒಳಗೆ ಬರುವಾಗ ಚಪ್ಪಲಿ ಬಿಟ್ಟದ್ದು ಯಾರಿಗೆ ನೆನಪಿರುತ್ತದೆ?

"ಯಾ ಅಲ್ಲಾ," ಎಂದರು ಇಮ್ತಿಯಾಜ್ ಭಾಯ್. "ಎಂಜಿನ್ನಿಗೆ ಕೌದಿ ಹೊದಿಸಿ ಘಾಟ್ ಹತ್ತಸಾಕತ್ತಿದ್ವಿ ನಾವು."

ಕಾಕೂಗೆ ಅರ್ಥವಾದಾಗ ಅವಳ ಮುಖ ಸಣ್ಣದಾಯಿತು. "ಕೂಸಿಗೆ ಧೂಳ ಹತ್ತಬಾರದು ಅಂತ ಮಾಡಿದೆ," ಎಂದಳು. ಕಾಕಾ ಕಟ್ಟೆಯಿಂದ ಎದ್ದು ಬಂದು, ಆ ಹೊದಿಕೆಯನ್ನು ಕೈಗೆ ತೆಗೆದುಕೊಂಡು, ಕೆನ್ನೆಗೆ ಒತ್ತಿಕೊಂಡರು. "ಬೆಚ್ಚಗ ಐತಿ," ಎಂದರು. ಅಷ್ಟೇ. ಕಾಕೂ ನಕ್ಕಳು.

ಮುಂದಿನದೆಲ್ಲ ಸರಸರ ಆಯಿತು. ಒಂದು ಮೆಟ್ಟಿಲು, ಒಂದು ಚಹಾ. ಹೊದಿಕೆ ಈಗ ಕಾಕಾನ ಕುರ್ಚಿಯ ಬೆನ್ನಿಗೆ ಹೋಗಿತ್ತು. ಚಹಾ ಕುಡಿದು ಕುಡಿದು ನನಗೆ ಪಿತ್ತವಾಯಿತು. ಒಂದು ಕಡೆ ಅದು ನಿಂತಿತು, ಅದರ ಕೆಳಗಿನ ಮೆಟ್ಟಿಲಿನಲ್ಲಿ ಮನೆ ಮಾಡಿದೆವು. ಮೊದಲಿಗಿಂತ ಎಷ್ಟು ಮೇಲಿದ್ದೆವು ಎಂದು ನೋಡಿ ನನಗೆ ನಂಬಿಕೆಯಾಗಲಿಲ್ಲ. ಅಂಗೈಯಷ್ಟೂ ಇಲ್ಲದ ಒಂದು ಚೂರು, ಒಳಗೆ ಇಷ್ಟನ್ನು ಬಚ್ಚಿಟ್ಟುಕೊಂಡು, ಯಾರಾದರೂ ಸಮಾಧಾನದಿಂದ ಕೇಳಲಿ ಎಂದು ಕಾದಿತ್ತಲ್ಲ! ದೇವರಾಣೆ, ನನಗೆ ಮೈ ಜುಮ್ಮೆಂದಿತು.

ಉರಿ ಮಧ್ಯಾಹ್ನ. ಕಾಕಾ ಮುಖ ತೊಳೆದು, ಇಸ್ತ್ರಿಯ ಅಂಗಿ ಹಾಕಿಕೊಂಡು, ಡ್ಯೂಟಿಗೆ ಹೊರಟವರ ಹಾಗೆ ಬಂದು ಕೂತರು. ಕಾಕೂ ಪರದೆಯ ಮೂಲೆಗೆ ಕುಂಕುಮ ಹಚ್ಚಿದಳು. ಫ್ಯಾನಿಗೆ ಹೋಗದಂತೆ ದೂರದಲ್ಲಿ ಹಚ್ಚಿದಳು, ಬುದ್ಧಿ ಬಂದಿತ್ತು. ಗಾಡಿ ಬಿಟ್ಟೆವು.

ಕ್ಯಾಸಲ್‌ರಾಕ್ ಹಿಂದಾಯಿತು. ಕಾಡು ಬಂತು. ಕುಂಟಲಿಲ್ಲ, ಜಿಗಿಯಲಿಲ್ಲ. ನಾನೇ ನೆಟ್ಟ ಮರಗಳು, ಆದರೆ ನಾನು ಅವನ್ನು ಹಾಗೆ ಕಂಡಿರಲೇ ಇಲ್ಲ. ಹಳಿ ಹೊಳೆಯ ಹಾಗೆ ನಮ್ಮ ಕಡೆಗೆ ಹರಿದು ಬರುತ್ತಿತ್ತು. ಸುರಂಗ ಬಾಯಿ ತೆರೆದು ನುಂಗಿ, ಆ ಕಡೆಯ ಬೆಳಕಿಗೆ ಉಗುಳುತ್ತಿತ್ತು. ಎಡ ತಿರುವು ಬಂತು. ಕಾಕಾ ಕುರ್ಚಿಯಿಂದ ಎಡಕ್ಕೆ ವಾಲಿ, ಕಿಟಕಿಯಿಂದ ತಲೆ ಹೊರಹಾಕಿದವರಂತೆ ಹಿಂದಕ್ಕೆ ತಿರುಗಿ ನೋಡಿದರು. ಅಲ್ಲಿದ್ದದ್ದು ಗೋಡೆ, ಕ್ಯಾಲೆಂಡರು. ಆದರೆ ಅವರಿಗೆ ತಮ್ಮ ಹಿಂದೆ ಬರುತ್ತಿದ್ದ ಡಬ್ಬಿಗಳು ಕಾಣುತ್ತಿದ್ದವು, ಅದರಲ್ಲಿ ನನಗೆ ಅನುಮಾನವೇ ಇಲ್ಲ. "ಬರಾಕತ್ತಾವ," ಎಂದು ಮುಂದಕ್ಕೆ ತಿರುಗಿದರು. ಕಾಕೂ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದಳು. ಇಮ್ತಿಯಾಜ್ ಭಾಯ್ ಒಂದು ಕಣ್ಣು ಬಿಸಿಯ ಅಂಕಿಯ ಮೇಲೆ ಇಟ್ಟಿದ್ದವರು ಅದನ್ನೂ ಮರೆತರು.

ಸುರಂಗ ದಾಟಿತು. ಫ್ಯಾನು ಒಮ್ಮೆಲೇ ದನಿ ಏರಿಸಿತು. ಎದುರಿಗೆ ಗುಡ್ಡದ ನೆತ್ತಿಯಿಂದ ದೂಧಸಾಗರ ಬಿತ್ತು.

ಕಾಕಾ ಗಾಡಿಯನ್ನು ಮೆಲ್ಲಗೆ, ಒಂದು ಜರ್ಕೂ ಇಲ್ಲದೆ ನಿಲ್ಲಿಸಿದರು. ಪರದೆಯ ಗಾಜಿನ ಮೇಲೆ ಅಂಗೈ ಇಟ್ಟರು.

"ಪೂರಾ ಕಾಣಾಕತ್ತೈತಿ," ಎಂದರು. "ನನ್ನ ಬಳಿತುಂಬ ಬರೇ ನೀರ ಐತಿ."

ಆ ಬೇಸಿಗೆಯಲ್ಲಿ ಅವರು ಘಾಟ್ ಎಷ್ಟು ಸಲ ಇಳಿದರೋ, ಲೆಕ್ಕ ಇಟ್ಟವರಿಲ್ಲ. ನಾನು ಧಾರವಾಡಕ್ಕೆ ಮರಳುವಾಗ ಕಂಪ್ಯೂಟರನ್ನು ಅಲ್ಲೇ ಬಿಟ್ಟೆ.

ಮುಂದಿನ ಮಳೆಗಾಲಕ್ಕೆ ಬಳೆ ಪೂರ್ತಿ ಮುಚ್ಚಿತು. ಸುದ್ದಿ ತಿಳಿದು ನಾನು ಕಮರಿಪೇಟೆಗೆ ಓಡಿದೆ. ಓಣಿಯೆಲ್ಲ ಕೆಸರು, ಮಳೆ ಸುರಿಯುತ್ತಲೇ ಇತ್ತು. ಹೇಗೆ ಮಾತಾಡಿಸಲಿ, ಏನೆಂದು ಸಮಾಧಾನ ಹೇಳಲಿ ಎಂದು ಬಸ್ಸಿನಲ್ಲೆಲ್ಲ ಅತ್ತಿದ್ದೆ. ಒಳಗೆ ಹೋದರೆ ಕಾಕಾ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಗಾಡಿ ಘಾಟ್ ಇಳಿಯುತ್ತಿದೆ! ಕಣ್ಣು ಎಲ್ಲೋ ಮೇಲೆ, ಬೆರಳು ಬ್ರೇಕಿನ ಕೀಲಿಯ ಮೇಲೆ, ತಲೆ ಒಂದು ಪಕ್ಕಕ್ಕೆ ವಾಲಿಸಿ ಏನನ್ನೋ ಆಲಿಸುತ್ತಿದ್ದಾರೆ. ನಾನು ಮಾತಾಡದೆ ಬಾಗಿಲಲ್ಲೇ ನಿಂತೆ. ಗಾಡಿ ಸುರಂಗ ದಾಟಿತು, ಫ್ಯಾನು ದನಿ ಏರಿಸಿತು, ಅವರು ಬ್ರೇಕ್ ಒತ್ತಿದರು. ಗಾಡಿ ಜಲಪಾತದ ಎದುರಿಗೆ, ಹಿಂದಿನ ಬೇಸಿಗೆಯಲ್ಲಿ ನಿಲ್ಲುತ್ತಿದ್ದ ಜಾಗಕ್ಕೇ ಹೋಗಿ ನಿಂತಿತು.

"ಕಾಕಾ," ಎಂದೆ. "ಹೆಂಗ ಗೊತ್ತಾತು?"

"ಬಂದಿ ಸುಮಿ? ಬಾ, ಕುಂದರ. ಫ್ಯಾನ್ ಹೇಳತೈತೆಲ್ಲ. ಚಿತ್ರಾ ಭಾರ ಆದಂಗ ಬಿಸಿ ಏರಿ ಜೋರ ತಿರಗತೈತಿ. ಕಾಡು ಬಂದ್ರ ಒಂದು ದನಿ, ಬೋಗದಾ ಬಂದ್ರ ಒಂದು ದನಿ. ಬರೇ ಒಂಚೂರು ತಡಾ ಮಾಡಿ ಹೇಳತೈತಿ, ಅಷ್ಟ." ಆಮೇಲೆ ಹೊರಗಿನ ಮಳೆಯ ಕಡೆಗೆ ಕಿವಿ ತಿರುಗಿಸಿ ಕೇಳಿದರು, "ಮಳಿ ಹತ್ತೇತಲ್ಲ. ನೀರು ಹೆಂಗೈತಿ?"

ನಾನು ಬರೆದ ಜಲಪಾತ ಮಳೆಗಾಲಕ್ಕೂ ಬೇಸಿಗೆಗೂ ಒಂದೇ ಥರ ಬೀಳುತ್ತಿತ್ತು. ಪರದೆ ನೋಡಿದೆ. ಅವರ ಪಕ್ಕದಲ್ಲಿ ಕೂತು, ಕುರ್ಚಿಯ ಬೆನ್ನಿಗಿದ್ದ ಕಸೂತಿಯ ಹೊದಿಕೆಯನ್ನು ಹಿಡಿದುಕೊಂಡೆ.

"ತುಂಬಿ ಬೀಳಾಕತ್ತೈತಿ ಕಾಕಾ. ಹಾಲಿನಂಗ."

ಕಾಕಾ ಫ್ಯಾನಿನ ಆ ಭೋರ್ಗರೆತವನ್ನು ಇನ್ನಷ್ಟು ಹೊತ್ತು ಆಲಿಸಿದರು.

"ಹೌದವಾ," ಎಂದರು, "ಕೇಳಾಕತ್ತೈತಿ."